ಆರು ಡಬ್ಬಿ ನೀರು

ಜನವರಿ 29

ಅಪ್ಪನಿಗೆ, ತಲೆಯಿಂದ ಕಾಲಿನವರೆಗೆ ಉಪ್ಪಾಗಿರುವ ಮಗಳ ನಮಸ್ಕಾರ.

ದ್ವೀಪಕ್ಕೆ ಬಂದು ಹದಿಮೂರು ದಿನವಾಯಿತು. ಮೊದಲು ಇಲ್ಲಿಯ ಅಂಚೆಯ ಕಥೆ ಹೇಳಿಬಿಡುತ್ತೇನೆ. ಹಡಗು ತಿಂಗಳಿಗೆ ಎರಡೇ ಸಲ ಬರುತ್ತದೆ, ಒಂದನೇ ತಾರೀಖು ಮತ್ತು ಹದಿನಾರನೇ ತಾರೀಖು. ಬಂದರೆ ನಾಲ್ಕು ಗಂಟೆ ನಿಲ್ಲುತ್ತದೆ. ಆ ನಾಲ್ಕು ಗಂಟೆಯಲ್ಲಿ ನಾನು ಸಿಮೆಂಟು ಮೂಟೆ ಇಳಿಸಿಕೊಳ್ಳಬೇಕು, ಎಣಿಸಬೇಕು, ಹರಿದ ಮೂಟೆಗಳಿಗಾಗಿ ಜಗಳ ಆಡಬೇಕು. ನಿಮ್ಮ ಕಾಗದ ಓದಿ ಅದೇ ಹಡಗಿಗೆ ಉತ್ತರ ಹಾಕುವುದು ಆಗದ ಮಾತು. ಮೊದಲೇ ಬರೆದಿಟ್ಟದ್ದನ್ನು ಹಡಗಿನವರ ಕೈಗೆ ಕೊಟ್ಟು, ನಿಮ್ಮದನ್ನು ಜೇಬಿಗೆ ಹಾಕಿಕೊಂಡು, ಸಂಜೆ ಓದುತ್ತೇನೆ. ಹಾಗಾಗಿ ನೀವು ಕೇಳಿದ್ದಕ್ಕೆ ಉತ್ತರ ಯಾವಾಗಲೂ ಒಂದು ಹಡಗು ತಡ. ಮಗಳು ಮಾತು ತೇಲಿಸುತ್ತಿದ್ದಾಳೆ ಎಂದು ಸಿಟ್ಟಾಗಬೇಡಿ.

ದ್ವೀಪವನ್ನು ಒಂದೂವರೆ ಗಂಟೆಯಲ್ಲಿ ಸುತ್ತಿ ಬರಬಹುದು. ಒಂದು ತುದಿಗೆ ದೀಪಸ್ತಂಭ, ನಡುವೆ ಹವಾಮಾನ ಕಚೇರಿ, ಆಚೆ ತುದಿಗೆ ಮೀನುಗಾರರ ಮನೆಗಳು. ಎಲ್ಲ ಸೇರಿ ಅರವತ್ತು ಒಲೆ. ಎಲ್ಲಿ ಅಗೆದರೂ ಉಪ್ಪುನೀರು. ಕುಡಿಯುವ ನೀರು ಪೀಪಾಯಿಗಳಲ್ಲಿ ಹಡಗಿನಿಂದ ಬರಬೇಕು, ನಮ್ಮ ಕಾಂಕ್ರೀಟಿಗೂ ಅದೇ ನೀರು. ಮರಳೂ ಹಡಗಿನಿಂದಲೇ. ಕಾಲಿಟ್ಟಲ್ಲೆಲ್ಲ ಮರಳಿರುವ ಊರಿಗೆ ಮರಳು ತರಿಸುವ ಹುಚ್ಚಿ ಯಾರೆಂದು ನೋಡಲು ಮೊದಲ ದಿನ ಊರೇ ಬಂದಿತ್ತು. ಇಲ್ಲಿಯದು ಉಪ್ಪು ಮರಳು, ಕಂಬಿಯನ್ನು ತಿಂದುಹಾಕುತ್ತದೆ ಎಂದು ವಿವರಿಸಿ ಹೇಳಿದೆ. ಯಾರಿಗೂ ನಂಬಿಕೆ ಬಂದಂತೆ ಕಾಣಲಿಲ್ಲ.

ಮಳೆನೀರಿನ ಟ್ಯಾಂಕು ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲ, ಎಂಟಡಿ ಆಳ. ಮೇ ಕೊನೆಗೆ ಮಳೆ ಹಿಡಿಯುತ್ತದಂತೆ. ಅಷ್ಟರೊಳಗೆ ಮುಗಿಸಿದರೆ ಆಚೆ ತುದಿಯ ಎರಡನೇ ಟ್ಯಾಂಕೂ ನನಗೇ ಎಂದು ಇಂಜಿನಿಯರ್ ಹೇಳಿದ್ದಾರೆ. ಮುಗಿಯದಿದ್ದರೆ ಈ ಜನ ಇನ್ನೊಂದು ವರ್ಷ ಪೀಪಾಯಿ ಎದುರು ಸಾಲು ನಿಲ್ಲಬೇಕು, ನಾನು ಮನೆಗೆ ಬಂದು ನಿಮ್ಮ ಎದುರು ನಿಲ್ಲಬೇಕು. ಎರಡೂ ಆಗಲು ನಾನು ಬಿಡುವುದಿಲ್ಲ. ಕರಾರು ಪತ್ರದಲ್ಲಿ ಮೊದಲ ಸಲ ನಿಮ್ಮ ಹೆಸರಿನ ಜಾಗದಲ್ಲಿ ನನ್ನದಿದೆ.

ನನ್ನ ಕೋಣೆಗೆ ತಗಡಿನ ಮಾಡು. ಒಂದು ಮಂಚ, ಸೆಂಟ್ರಿಂಗ್ ಹಲಗೆಯ ಮೇಜು, ಮೊಳೆಗೆ ತೂಗುಗುಂಡು. ಮೇಜಿನ ಮೇಲೆ ನಿಮ್ಮ ನೀರಿನ ಡಬ್ಬಿ. ಇಪ್ಪತ್ತು ವರ್ಷ ನಿಮ್ಮ ಜೊತೆ ಕೆಲಸ ಮಾಡಿದೆ. ಕರಣೆ ಹಿಡಿಯಲು ಬಿಟ್ಟಿರಿ, ಕಂಬಿ ಕಟ್ಟಲು ಬಿಟ್ಟಿರಿ, ಕೊನೆಗೆ ಕೂಲಿಯವರನ್ನು ಬೈಯಲೂ ಬಿಟ್ಟಿರಿ. ಆ ಡಬ್ಬಿ ಮಾತ್ರ ಮುಟ್ಟಲು ಬಿಡಲಿಲ್ಲ. ಸಿಮೆಂಟು, ಮರಳು, ಜಲ್ಲಿ ಕಲಸುವ ಮಾಲಿಗೆ ನೀರು ಹೊಯ್ಯುವುದು ನಿಮ್ಮದೇ ಕೈ. ಹೊರಡುವ ದಿನ ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದಿರಲ್ಲ, ಆಗ ಚೀಲದ ಬಾಯಿ ಕಟ್ಟಿಕೊಂಡು ಹೊರಟುಬಿಟ್ಟೆ. ಈಗ ಹೇಳುತ್ತೇನೆ. ನಿಮ್ಮ ಲೆಕ್ಕ ತಪ್ಪಿಸುವುದಿಲ್ಲ. ಮೂರೂವರೆ ಲೀಟರಿನ ಡಬ್ಬಿ, ಒಂದು ಮೂಟೆ ಸಿಮೆಂಟಿಗೆ ಆರು ಡಬ್ಬಿ.

ಅಮ್ಮನಿಗೆ ಹೇಳಿ, ಹೊಟ್ಟೆ ತುಂಬ ತಿನ್ನುತ್ತಿದ್ದೇನೆ.

ಫೆಬ್ರವರಿ 7

ಕಂಟ್ರಾಕ್ಟರಮ್ಮನವರ ಸನ್ನಿಧಿಗೆ, ಅವರ ಹಳೇ ಮೇಸ್ತ್ರಿ ಬಗ್ಗಿ ಬರೆದುಕೊಳ್ಳುವುದೇನೆಂದರೆ,

ಕಾಗದ ಬಂತು. ನಾನು ಒಂದು ಸಲ ಓದಿದೆ, ನಿಮ್ಮಮ್ಮ ಎರಡು ಸಲ ಓದಿಸಿದಳು. ಪಕ್ಕದ ಮನೆಯವನಿಗೆ ಸುಮ್ಮನೆ ಕೇಳಿಸಲಿ ಎಂದು ಮೂರನೇ ಸಲ ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ.

ಇಲ್ಲಿ ಎಲ್ಲ ಕ್ಷೇಮ. ನಾನು ಸದ್ಯ ಕೆಲಸ ಹಿಡಿದಿಲ್ಲ. ಕೇಳಿಕೊಂಡು ಬರುವವರಿಗೇನೂ ಬರವಿಲ್ಲ, ಆದರೆ ಈಗ ಎಲ್ಲರಿಗೂ ನೆಟ್ಟಗಿನ ಗೋಡೆ ಬೇಡ, ಬೇಗ ಏಳುವ ಗೋಡೆ ಬೇಕು. ಅಂಥ ಕೆಲಸಕ್ಕೆ ನಾನು ಯಾಕೆ ಕೈ ಹಾಕಲಿ? ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಪೆನ್ನು ಸರಿಯಿಲ್ಲ.

ನಿನಗೆ ಹೇಳಿಕೊಡುವಂಥದ್ದು ಏನೂ ಉಳಿದಿಲ್ಲ, ಆದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಗೋಡೆಗೆ ಹೊದಿಸಿದ ಗೋಣಿ ಒಣಗಲು ಬಿಡಬೇಡ. ಟ್ಯಾಂಕಿನ ತಳ ಎರೆಯಲು ಶುರು ಮಾಡಿದ ಮೇಲೆ ಮುಗಿಯುವವರೆಗೂ ನಿಲ್ಲಿಸಬೇಡ. ಕೆಲಸದವರ ಮಾತಿಗೆ ಮಾಲಿನ ನೀರು ಹೆಚ್ಚುಕಡಿಮೆ ಮಾಡಬೇಡ. ಕಣ್ಣು ಮೋಸ ಹೋಗುತ್ತದೆ, ಡಬ್ಬಿ ಹೋಗುವುದಿಲ್ಲ.

ಡಬ್ಬಿ ಎಂದ ಮೇಲೆ ನೆನಪಾಯಿತು. ಅಷ್ಟುದ್ದ ಕಾಗದ ಬರೆದೆಯಲ್ಲ, ಡಬ್ಬಿ ನೋಡಿ ನಿನಗೆ ಬೇರೇನೂ ಅನ್ನಿಸಲಿಲ್ಲವೇ? ಸುಮ್ಮನೆ ಕೇಳಿದೆ.

ಫೆಬ್ರವರಿ 14

ಅಪ್ಪನಿಗೆ, ಬೆನ್ನು ನೆಟ್ಟಗೆ ಮಾಡಲಾಗದ ಮಗಳ ನಮಸ್ಕಾರ.

ತಳ ಎರೆದಾಯಿತು. ನಿಮ್ಮ ಕಾಗದ ನಾಡಿದ್ದಿನ ಹಡಗಿನಲ್ಲಿ ಬರಬಹುದು. ತಳ ಹಾಕುವಾಗ ನಿಲ್ಲಿಸಬೇಡ ಎಂದು ಅದರಲ್ಲಿ ಬರೆದಿರುತ್ತೀರಿ ಎಂದು ಗೊತ್ತಿದೆ. ನಿಲ್ಲಿಸಲಿಲ್ಲ. ಬೆಳಕು ಹರಿಯುವ ಮೊದಲೇ ಶುರು ಮಾಡಿ, ಹೊತ್ತು ಮುಳುಗುವಷ್ಟರಲ್ಲಿ ಅರವತ್ತು ಮೂಟೆ ಸಿಮೆಂಟು ಮುಗಿಸಿದೆವು.

ಕಂಬಿ ಕಟ್ಟುವವರ ಮುಂದಾಳು ಒಬ್ಬನಿದ್ದಾನೆ, ನಾವೆಲ್ಲ ಅವನನ್ನು ಕಂಬಿಯಣ್ಣ ಎಂದೇ ಕರೆಯುವುದು. ಮಾತು ಕಡಿಮೆ. ಅವನು ಮೂರನೇ ಮಾಲಿಗೇ ನನ್ನ ಹತ್ತಿರ ಬಂದು, "ಅಕ್ಕಾ, ಮಾಲು ನೀರಾಗಿದೆ. ಸಲಿಕೇಲಿ ನಿಲ್ತಾನೇ ಇಲ್ಲ ನೋಡಿ" ಎಂದ. ನೋಡಿದೆ. ನನಗೂ ಸ್ವಲ್ಪ ಸಡಿಲ ಅನ್ನಿಸಿತು. ಆದರೆ ಎಣಿಸಿ ಎಣಿಸಿ ಆರೇ ಡಬ್ಬಿ ಹೊಯ್ದಿದ್ದೇನೆ, ನಾನೇ ಹೊಯ್ದಿದ್ದೇನೆ. ಇಪ್ಪತ್ತು ವರ್ಷದಲ್ಲಿ ಆ ಲೆಕ್ಕಕ್ಕೆ ಒಂದು ಟ್ಯಾಂಕೂ ಸೋರಿಲ್ಲ ಎಂದು ಅವನಿಗೆ ಹೇಳಿದೆ. ಅವನು ಭುಜ ಕುಣಿಸಿ ಹೋದ. ಸಮುದ್ರದ ಗಾಳಿಗೆ ಮರಳು ಒದ್ದೆಯಾಗಿರಬಹುದೇ? ನಿಮಗೇನನ್ನಿಸುತ್ತದೆ ಬರೆಯಿರಿ.

ಉಗ್ರಾಣದ ಸಾಹೇಬರ ವಿಷಯ ಹೇಳಬೇಕು. ದ್ವೀಪದ ನೀರೆಲ್ಲ ಅವರ ಸುಪರ್ದಿ. ಪೀಪಾಯಿಗಳ ಬೀಗದ ಕೈ ಸೊಂಟದಲ್ಲಿ, ಪೆನ್ಸಿಲ್ ಕಿವಿಯ ಮೇಲೆ. ನಮ್ಮ ಜಾಗದಲ್ಲಿ ಪ್ರತಿ ಪೀಪಾಯಿಗೆ ಎಷ್ಟು ಡಬ್ಬಿ ಖರ್ಚಾಯಿತು ಎಂದು ನಾನು ಸಂಜೆ ಬರೆದುಕೊಡಬೇಕು. ನಿಮ್ಮ ಡಬ್ಬಿ ಎಷ್ಟು ಹಿಡಿಯುತ್ತದೆ ಎಂದು ಕೇಳಿದರು. ಮೂರೂವರೆ ಲೀಟರ್, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ ಎಂದು ಎದೆ ಉಬ್ಬಿಸಿ ಹೇಳಿದೆ. ಬರೆದುಕೊಂಡರು. ಬರೆದುಕೊಳ್ಳುವಾಗ ಅವರಿಗೆ ತುಂಬ ಸುಖವಾಗುತ್ತದೆ ಎಂದು ಕಾಣುತ್ತದೆ.

ಫೆಬ್ರವರಿ 23

ಕಂಟ್ರಾಕ್ಟರಮ್ಮ,

ತಳ ಒಂದೇ ದಿನಕ್ಕೆ ಮುಗಿಸಿದೆ ಎಂದು ಓದಿ, ನಿಮ್ಮಮ್ಮ ಕೊಟ್ಟದ್ದನ್ನು ಏನೆಂದೂ ನೋಡದೆ ಎರಡು ತುತ್ತು ಹೆಚ್ಚು ತಿಂದೆ. ಮಾಲು ಸಡಿಲವಾದದ್ದು ಮರಳಿನಿಂದಲೇ ಇರಬೇಕು. ಹಡಗಿನ ಅಡಿಯಲ್ಲಿ ಬಿದ್ದು ಬಂದ ಮರಳು ನೀರು ಕುಡಿದಿರುತ್ತದೆ. ಹಿಂದಿನ ದಿನವೇ ಹರಡಿ ಬಿಸಿಲಿಗೆ ಹಾಕು. ಕಂಬಿ ಕಟ್ಟುವವನು ಕಂಬಿ ಕಟ್ಟಲಿ, ನೀರಿನ ವಿಷಯಕ್ಕೆ ಬರಬಾರದು ಎಂದು ನಯವಾಗಿ ಹೇಳು. ನಯವಾಗಿ ಕೇಳದಿದ್ದರೆ ನಿನ್ನದೇ ರೀತಿಯಲ್ಲಿ ಹೇಳು.

ಇನ್ನು ತಡೆಯಲಾರೆ, ಹೇಳಿಯೇ ಬಿಡುತ್ತೇನೆ. ಆ ಡಬ್ಬಿಗೆ ಹೊಸ ತಳ ಹಾಕಿಸಿದ್ದೇನೆ. ನೀನು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅದು ಸಾರುವೆ ಮೇಲಿನಿಂದ ಕಲ್ಲಿನ ಮೇಲೆ ಬಿದ್ದು, ತಳ ಮೂರು ಬೆರಳು ಒಳಗೆ ಹೋಗಿತ್ತು. ಈಚೆಗೆ ತುಕ್ಕೂ ಹಿಡಿದಿತ್ತು. ಮಗಳು ನಾಲ್ಕು ಜನರ ಎದುರು ಹಿಡಿಯುವ ಡಬ್ಬಿ ಹೀಗಿದ್ದರೆ ಚೆಂದವೇ? ನೀನು ಹೊರಡುವ ಮುಂಚಿನ ವಾರ ತಗಡಿನ ಅಂಗಡಿಯಲ್ಲಿ ಎದುರಿಗೇ ಕೂತು, ಹಳೆಯ ತಳ ಕತ್ತರಿಸಿ ತೆಗೆಸಿ, ಹೊಸದು ಸಪಾಟಾಗಿ ಕೂರಿಸಿ, ಬಣ್ಣ ಹೊಡೆಸಿದೆ. ಅಂಗಡಿಯವನ ಕೈಲಿ ಮೂರು ಸಲ ಬಿಚ್ಚಿಸಿ ಬೆಸುಗೆ ಹಾಕಿಸಿದೆ. ನೀನು ನೋಡಿದ ಕೂಡಲೇ ಗುರುತು ಹಿಡಿಯುತ್ತೀ ಎಂದುಕೊಂಡಿದ್ದೆ. ಬಣ್ಣವೂ ನಿನ್ನ ಕಣ್ಣಿಗೆ ಬಿದ್ದಂತಿಲ್ಲ.

ಫೆಬ್ರವರಿ 28

ಅಪ್ಪನಿಗೆ, ಕಳ್ಳಿ ಎನ್ನಿಸಿಕೊಂಡ ಮಗಳ ನಮಸ್ಕಾರ.

ನಿಮ್ಮ ಏಳನೇ ತಾರೀಖಿನ ಕಾಗದಕ್ಕೆ ಮೊದಲು ಉತ್ತರ. ಡಬ್ಬಿ ನೋಡಿ ಏನೂ ಅನ್ನಿಸಲಿಲ್ಲವೇ ಎಂದು ಕೇಳಿದ್ದೀರಿ. ಅನ್ನಿಸದೆ ಏನು? ನೋಡಿದಾಗಲೆಲ್ಲ ನೀವು ಹಿಂದೆ ನಿಂತು ಎಣಿಸುತ್ತಿದ್ದೀರಿ ಅನ್ನಿಸುತ್ತದೆ. ಬಣ್ಣವೂ ಚೆನ್ನಾಗಿದೆ. ಮನೆಯ ನೆನಪಾಗಿ ಅಳುತ್ತಿದ್ದಾಳೋ ಎಂಬುದು ನಿಮ್ಮ ಅನುಮಾನವಾದರೆ, ಇಲ್ಲ. ಅಳುವುದಕ್ಕೆ ಇಲ್ಲಿ ಪುರುಸೊತ್ತಿಲ್ಲ.

ಈಗ ಜಗಳಕ್ಕೆ ಬರುತ್ತೇನೆ. ಇನ್ನೂರು ಲೀಟರಿನ ಪೀಪಾಯಿಯಲ್ಲಿ ನಮ್ಮ ಡಬ್ಬಿಗೆ ಐವತ್ತೇಳು ಡಬ್ಬಿ ಬರಬೇಕು. ನಾನು ಬರೆದುಕೊಡುವುದು ಐವತ್ತು. ಪ್ರತಿ ಪೀಪಾಯಿಗೂ ಐವತ್ತೇ. ನಿನ್ನೆ ಗೋಡೆಯ ಮೊದಲ ಸುತ್ತು ಎರೆದೆವು, ಎರಡಡಿ ಎತ್ತರ. ನಿನ್ನೆಯೂ ಅಷ್ಟೇ. ಉಗ್ರಾಣದ ಸಾಹೇಬರು ಪುಸ್ತಕ ಹಿಡಿದುಕೊಂಡು ಎಲ್ಲರ ಎದುರು ಕೇಳಿದರು, "ಪೀಪಾಯಿಗೆ ಏಳು ಡಬ್ಬಿ ಎಲ್ಲಿ ಹೋಗ್ತಿದೆ? ನಿಮ್ಮವರು ಸಿಹಿನೀರಲ್ಲಿ ಸ್ನಾನ ಮಾಡ್ತಿದಾರಾ?"

ನನ್ನ ಜನ ಬೆಳಗಿನಿಂದ ಸಂಜೆವರೆಗೆ ಬಿಸಿಲಲ್ಲಿ ಬೇಯುತ್ತಾರೆ, ಸಮುದ್ರದಲ್ಲಿ ಮುಳುಗಿ ಎದ್ದು ಉಪ್ಪು ಮೈಯಲ್ಲೇ ಮಲಗುತ್ತಾರೆ. ಅವರ ಮೇಲೆ ಗೂಬೆ ಕೂರಿಸಿದ್ದಕ್ಕೆ ನನಗೆ ಪಿತ್ತ ನೆತ್ತಿಗೇರಿತು. ನಿಮ್ಮ ಪೀಪಾಯಿಗಳೇ ಸೋರುತ್ತಿರಬೇಕು, ಇಲ್ಲ ಪುಸ್ತಕ ಸೋರುತ್ತಿರಬೇಕು ಎಂದೆ. ನಾಳೆ ಹಡಗು ಹೋದ ಮೇಲೆ ಅಡುಗೆಮನೆಯ ಲೀಟರ್ ಪಾತ್ರೆ ತಂದು ಎಲ್ಲರ ಎದುರು ಅಳೆಯುವುದೆಂದು ಮಾತಾಗಿದೆ. ಅವರ ಮುಖ ಹೇಗಾಗುತ್ತದೆ ನೋಡಬೇಕು. ಮುಂದಿನ ಕಾಗದದಲ್ಲಿ ವರ್ಣಿಸಿ ಬರೆಯುತ್ತೇನೆ.

ಮಾರ್ಚ್ 3

ಅಪ್ಪಾ,

ಅಳೆದೆವು. ನಾಲ್ಕು ಲೀಟರ್.

ಮೂರು ಸಲ ಅಳೆದೆವು. ಉಗ್ರಾಣದ ಸಾಹೇಬರು ಪೆನ್ಸಿಲ್ ಕೂಡ ಮುಟ್ಟಲಿಲ್ಲ. ಅದಕ್ಕಿಂತ ನಕ್ಕಿದ್ದರೆ ವಾಸಿಯಿತ್ತು. ಕೋಣೆಗೆ ಬಂದು, ಏನು ಎತ್ತ ಎಂದು ತಿಳಿಯದೆ, ಜೇಬಿನಲ್ಲಿದ್ದ ನಿಮ್ಮ ಕಾಗದ ಒಡೆದೆ. ಹೊಸ ತಳ.

ಎಲ್ಲ ಅರ್ಥವಾಯಿತು. ನಿಮ್ಮ ಮೂರೂವರೆ ಲೀಟರ್, ಒಳಗೆ ಹೋದ ತಳ ಇದ್ದಾಗಿನ ಮೂರೂವರೆ. ನೀವು ಅದನ್ನು ಸಪಾಟು ಮಾಡಿಸಿದಿರಿ. ಆರು ಡಬ್ಬಿಗೆ ಮೂರು ಲೀಟರ್ ಹೆಚ್ಚು ನೀರು, ಪ್ರತಿ ಮೂಟೆಗೂ. ಮೊಳೆ ತೆಗೆದುಕೊಂಡು ಹೋಗಿ ಟ್ಯಾಂಕಿನ ತಳವನ್ನು ಗೀರಿದೆ. ಪುಡಿ ಎದ್ದಿತು. ಗೋಡೆಯ ಮೊದಲ ಸುತ್ತಿನಲ್ಲಿ ಕೂದಲೆಳೆಯಂಥ ಬಿರುಕು ಎಣಿಸಿದೆ, ಹನ್ನೊಂದು ಸಿಕ್ಕಿತು. ಮೂಲೆಯಲ್ಲಿ ಒಡ್ಡು ಕಟ್ಟಿ ಗೇಣುದ್ದ ನೀರು ನಿಲ್ಲಿಸಿದೆ. ಮಾರನೇ ದಿನಕ್ಕೆ ಗೋಡೆ ಹೊರಗಡೆ ಬೆವೆತಿತ್ತು.

ಅಪ್ಪಾ, ಒಂದು ಮಾತು ಹೇಳಬಾರದಿತ್ತೇ? ಚೆಂದ ಕಾಣಲಿ ಎಂದು ಅಳತೆಯನ್ನೇ ಬದಲಾಯಿಸಿದಿರಿ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನೀವು ಅವರನ್ನು ಕೆಲಸದ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ. ನನ್ನ ಮೊದಲ ಕೆಲಸ ಇದು. ಮೊದಲ ಕೆಲಸ.

ಬರೆದು ಹಗುರವಾಯಿತು. ಮೂರು ಸಲ ಬೆಸುಗೆ ಬಿಚ್ಚಿಸಿದೆ ಎಂದು ಬರೆದಿದ್ದೀರಿ. ಆ ಅಂಗಡಿಯ ಸ್ಟೂಲಿನ ಮೇಲೆ ನೀವು ಕೂತದ್ದು ಕಣ್ಣಿಗೆ ಕಾಣುತ್ತಿದೆ. ಈ ಕಾಗದ ಹಡಗು ಹತ್ತುವುದಿಲ್ಲ. ಮೇಜಿನ ಹಲಗೆಯ ಸಂದಿಯಲ್ಲಿಡುತ್ತೇನೆ.

ಮಾರ್ಚ್ 9

ಅಪ್ಪನಿಗೆ, ಮಗಳ ನಮಸ್ಕಾರ.

ಡಬ್ಬಿಯ ಹೊಸ ತಳ ತುಂಬ ಚೆನ್ನಾಗಿದೆ. ಬೆಸುಗೆ ಗಟ್ಟಿಯಾಗಿದೆ.

ಗೋಡೆಯ ಮೊದಲ ಸುತ್ತು ಒಡೆದು ಹಾಕಿ ಮತ್ತೆ ಎರೆಯುತ್ತಿದ್ದೇನೆ. ಟ್ಯಾಂಕಿನ ತಳದ ಮೇಲೂ ಇನ್ನೊಂದು ಪದರ ಹಾಕುತ್ತೇನೆ. ನೀವು ಹೇಳಿದ್ದೇ ಸರಿ, ಮರಳು ಒದ್ದೆಯಾಗಿತ್ತು. ಇಂಜಿನಿಯರಿಗೆ ಇದ್ದದ್ದು ಇದ್ದಂತೆ ತಿಳಿಸಿ ಇನ್ನೂ ಅರವತ್ತು ಮೂಟೆ ಕೇಳಿದ್ದೇನೆ. ಗಾಬರಿಯಾಗುವಂಥದ್ದು ಏನಿಲ್ಲ. ಕಾಲಕ್ಕೆ ಸರಿಯಾಗಿ ಮುಗಿಸುತ್ತೇನೆ.

ಉಗ್ರಾಣದ ಸಾಹೇಬರ ಜೊತೆ ರಾಜಿಯಾಯಿತು. ಅವರ ಪೀಪಾಯಿಯೇ ಸೋರುತ್ತಿತ್ತು.

ಮಾರ್ಚ್ 10

ಮಗಳಿಗೆ ಅಮ್ಮ ಬರೆಯುವುದು. ನಿಮ್ಮಪ್ಪ ಈ ಸಲ ಬರೆಯುವುದಿಲ್ಲವಂತೆ. ಯಾಕೆ ಎಂದರೆ ಎದ್ದು ಹಿತ್ತಲಿಗೆ ಹೋಗುತ್ತಾರೆ.

ನಿನ್ನ ಕಾಗದ ಓದುತ್ತಾ ಇದ್ದವರು, ಐವತ್ತೇಳು ಐವತ್ತು ಎಂದೇನೋ ಬರುತ್ತದಲ್ಲ, ಅಲ್ಲಿಗೆ ನಿಲ್ಲಿಸಿದರು. ಊಟಕ್ಕೂ ಕೂರದೆ ತಗಡಿನ ಅಂಗಡಿಗೆ ಹೋದರು. ಗುಜರಿ ರಾಶಿಯಲ್ಲಿ ಹುಡುಕಿಸಿ ಆ ಹಳೆಯ ತಳ ತಂದರು. ಬೆಳಗಿನಿಂದ ಹಿತ್ತಲಲ್ಲಿ ಕೂತು ಅದನ್ನು ಬೋರಲು ಹಾಕುವುದು, ಅದರ ಗುಳಿಗೆ ನೀರು ತುಂಬುವುದು, ಆ ನೀರನ್ನು ನನ್ನ ಹಾಲಿನ ಅಳತೆಗೆ ಹೊಯ್ಯುವುದು. ಅರ್ಧ ಲೀಟರಂತೆ. ಏನು ಅರ್ಧ ಲೀಟರ್ ಎಂದರೆ ನನ್ನ ಮೇಲೆ ರೇಗುತ್ತಾರೆ. ಅರ್ಧ ನೀರು ನೆಲಕ್ಕೆ ಚೆಲ್ಲುತ್ತಿದೆ, ನಾನು ಹಿಡಿದುಕೊಳ್ಳುತ್ತೇನೆ ಎಂದರೆ ಬೇಡವಂತೆ.

ನಿಮ್ಮಿಬ್ಬರ ಮಧ್ಯೆ ಏನಾಗಿದೆಯೋ ನನಗೆ ತಿಳಿಯದು. ಏನಾದರೂ ಆಗಿದ್ದರೆ ನೀನೇ ಸರಿಮಾಡು. ಅವರಿಗೆ ಬರುವುದಿಲ್ಲ.

ಮಾರ್ಚ್ 23

ಮಗಳೇ,

ಮರಳಿನ ಮೇಲೆ ಯಾಕೆ ಗೂಬೆ ಕೂರಿಸುತ್ತೀ? ಇಪ್ಪತ್ತು ವರ್ಷ ನನ್ನ ಜೊತೆ ಇದ್ದೂ ಸುಳ್ಳು ಹೇಳುವುದನ್ನು ಕಲಿಯಲಿಲ್ಲ ನೀನು. ಒಂದು ಸುತ್ತು ಗೋಡೆ ಒಡೆಯುವಷ್ಟು ನೀರು ಯಾವ ಮರಳೂ ಕುಡಿದಿರುವುದಿಲ್ಲ. ಪೀಪಾಯಿ ಸೋರಿದರೆ ಒಂದು ಸೋರುತ್ತದೆ. ಎಲ್ಲವೂ ಏಳೇಳು ಡಬ್ಬಿ ಲೆಕ್ಕ ಹಾಕಿಕೊಂಡು ಸೋರುವುದಿಲ್ಲ.

ನಿನ್ನ ಗೋಡೆ ಒಡೆಸಿದವನು ನಾನು. ಹಳೆಯ ತಳದ ಗುಳಿ ಅರ್ಧ ಲೀಟರ್ ಹಿಡಿಯುತ್ತದೆ, ಅಳೆದು ನೋಡಿದ್ದೇನೆ. ಅದು ಬಿದ್ದ ವರ್ಷ ನಾನೇ ಅಳೆದು, ಮೂರೂವರೆ ಎಂದು ತಿಳಿದುಕೊಂಡು, ಮೂಟೆಗೆ ಆರು ಎಂದು ಗೊತ್ತು ಮಾಡಿದ್ದೆ. ಆಮೇಲೆ ಆರು ಎಂಬುದಷ್ಟೇ ನೆನಪಿನಲ್ಲಿ ಉಳಿಯಿತು. ಯಾಕೆ ಆರು ಎಂಬುದು ಮರೆತೇಹೋಯಿತು. ಕಣ್ಣು ಮೋಸ ಹೋಗುತ್ತದೆ, ಡಬ್ಬಿ ಹೋಗುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಅರ್ಧ ಹೇಳಿ ಅರ್ಧ ನುಂಗುವುದು ಬೇಡ. ಪೆನ್ನು ಸರಿಯಾಗಿಯೇ ಇದೆ. ಕೈ ನಡುಗುತ್ತದೆ. ಒಂದು ವರ್ಷವಾಯಿತು. ಡಬ್ಬಿ ತುಂಬಿ ಎತ್ತಿದರೆ ಮಾಲಿಗೆ ಬೀಳುವಷ್ಟೇ ನೀರು ನನ್ನ ಕಾಲಿಗೂ ಬೀಳುತ್ತದೆ. ಬೇಗ ಏಳುವ ಗೋಡೆ, ನೆಟ್ಟಗಿನ ಗೋಡೆ ಎಂದೆಲ್ಲ ಬರೆದದ್ದು ಬರೀ ಬೊಗಳೆ. ನಿನಗೆ ಡಬ್ಬಿ ಕೊಟ್ಟದ್ದು ದೊಡ್ಡ ಮನಸ್ಸಿನಿಂದಲ್ಲ, ನನ್ನ ಕೈಯಲ್ಲಿ ಅದು ನಿಲ್ಲುತ್ತಿರಲಿಲ್ಲ. ಹೇಗೂ ಕೊಡುವುದೇ, ಹೊಸದರ ಹಾಗೆ ಕೊಡೋಣ ಎಂದು ತಳ ಹಾಕಿಸಿದೆ.

ಆ ಡಬ್ಬಿಯನ್ನು ಸಮುದ್ರಕ್ಕೆ ಎಸೆ. ಎರಡನೇ ಟ್ಯಾಂಕು ನನ್ನಿಂದ ತಪ್ಪಿಹೋದರೆ, ಅದನ್ನು ಮಾತ್ರ ನನಗೆ ಬರೆಯಬೇಡ.

ಏಪ್ರಿಲ್ 12

ಅಪ್ಪನಿಗೆ, ನಿಮ್ಮ ಮಗಳ ನಮಸ್ಕಾರ.

ಡಬ್ಬಿ ಎಸೆಯಲಿಲ್ಲ. ಎಸೆಯುವುದೂ ಇಲ್ಲ. ಅಡುಗೆಮನೆಯ ಪಾತ್ರೆಯಲ್ಲಿ ಮೂರೂವರೆ ಲೀಟರ್ ಅಳೆದು ಹೊಯ್ದು, ನೀರು ನಿಂತ ಮಟ್ಟಕ್ಕೆ ಸರಿಯಾಗಿ ಡಬ್ಬಿಯ ಪಕ್ಕಕ್ಕೆ ಮೊಳೆಯಿಂದ ಒಂದು ತೂತು ಹೊಡೆದೆ. ಈಗ ಎಷ್ಟೇ ತುಂಬಿದರೂ ಹೆಚ್ಚಾದದ್ದು ತೂತಿನಿಂದ ಹೊರಗೆ ಹೋಗುತ್ತದೆ. ಹೋಗುವ ನೀರನ್ನು ಹಿಡಿಯಲು ಉಗ್ರಾಣದ ಸಾಹೇಬರು ಕೆಳಗೊಂದು ಲೋಟ ಇಟ್ಟುಕೊಂಡು ಕೂರುತ್ತಾರೆ. ನಿಮ್ಮ ಚೆಂದದ ಬಣ್ಣ ಸ್ವಲ್ಪ ಎದ್ದುಹೋಯಿತು, ಕ್ಷಮಿಸಿ.

ನೀವು ತಪ್ಪನ್ನೆಲ್ಲ ಒಬ್ಬರೇ ಬಾಚಿಕೊಂಡಿದ್ದೀರಿ. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಮಾಲು ನೀರಾಗಿದ್ದು ಕಂಬಿಯಣ್ಣನಿಗೆ ಕಂಡಿತ್ತು, ನನಗೂ ಕಂಡಿತ್ತು. ಸಲಿಕೆಯಿಂದ ಹರಿದು ಹೋಗುತ್ತಿದ್ದುದನ್ನು ನೋಡುತ್ತಾ ನಿಂತು, ಏಳನ್ನಲ್ಲ, ಆರನ್ನೇ ಎಣಿಸಿದ್ದೇನೆ ಎಂದು ಸಮಾಧಾನ ಮಾಡಿಕೊಂಡೆ. ನಿಮ್ಮ ತಳದ ತಪ್ಪು ಅರ್ಧ ಲೀಟರ್. ಕಂಡದ್ದನ್ನು ಕಂಡಿಲ್ಲವೆಂದುಕೊಂಡ ತಪ್ಪು ಪೂರ್ತಿ ನನ್ನದು. ಇನ್ನು ಮೇಲೆ ಡಬ್ಬಿಯಿಂದ ಅಳೆಯುತ್ತೇನೆ, ಕಣ್ಣಿನಿಂದಲೂ ನೋಡುತ್ತೇನೆ, ಎರಡೂ ಒಪ್ಪದಿದ್ದರೆ ಮಾಲು ಎರೆಯುವುದಿಲ್ಲ.

ಗೋಡೆ ಒಡೆಯುವಾಗ ಮೊದಲ ಪೆಟ್ಟು ನಾನೇ ಹಾಕಿದೆ. ಕೈಗೆ ಬಂದ ಸಿಟ್ಟೆಲ್ಲ ಸುತ್ತಿಗೆಗೆ ಹೋಯಿತು. ಮೂರನೇ ದಿನಕ್ಕೆ ಸಿಟ್ಟೂ ಮುಗಿಯಿತು, ಗೋಡೆಯೂ ಮುಗಿಯಿತು. ಈಗ ಮೂರನೇ ಸುತ್ತಿನಲ್ಲಿದ್ದೇನೆ. ಮೊಳೆಯಿಂದ ಗೀರಿದರೆ ಮೊಳೆಯೇ ಸವೆಯುತ್ತದೆ.

ನಿಮಗೆ ಅಂತ ಬರೆದು ಕಳಿಸದೆ ಇಟ್ಟಿದ್ದ ಒಂದು ಕಾಗದ ಇದರ ಜೊತೆಗಿದೆ. ಮಾರ್ಚ್ ಮೂರರದ್ದು. ಬೈಗುಳವಿದೆ, ಓದಿ. ನೀವು ಕೈಯ ವಿಷಯ ಮುಚ್ಚಿಡದೆ ಹೇಳಿದ ಮೇಲೆ, ನಾನು ಅದನ್ನು ಹಲಗೆಯ ಸಂದಿಯಲ್ಲಿ ಇಟ್ಟುಕೊಂಡಿರುವುದು ಸರಿಯಲ್ಲ.

ಜೂನ್ 13

ಅಪ್ಪಾ,

ಮಳೆ ಮೇ ಇಪ್ಪತ್ತೊಂಬತ್ತಕ್ಕೆ ಬಂತು. ನಾವು ಇಪ್ಪತ್ತಾರಕ್ಕೇ ಮಾಡಿನ ಮಳೆನೀರು ಟ್ಯಾಂಕಿಗೆ ಇಳಿಸುವ ಕೊನೆಯ ಕೊಳವೆ ಕೂರಿಸಿದ್ದೆವು. ಮೂರು ದಿನ ಮುಂಚೆ. ನೀವಾಗಿದ್ದರೆ ಒಂದು ವಾರ ಮುಂಚೆ ಮುಗಿಸುತ್ತಿದ್ದಿರಿ, ಗೊತ್ತು, ಹೇಳಬೇಡಿ.

ಹತ್ತು ದಿನಕ್ಕೆ ಆರಡಿ ನೀರು ನಿಂತಿತು. ಮಳೆ ಬಿಟ್ಟ ಕೂಡಲೇ ಕೊಳವೆ ಮುಚ್ಚಿ, ಒಳಗೋಡೆಗೆ ನೀರಿನ ಮಟ್ಟದಲ್ಲಿ ಗೀಟು ಹಾಕಿ, ಮೂರು ದಿನ ಬಿಟ್ಟೆ. ಮೂರು ದಿನ ನಾನು ಅಲ್ಲೇ ಸುತ್ತಾಡುತ್ತಿದ್ದೆ. ಕಂಬಿಯಣ್ಣ ದಿನಕ್ಕೆರಡು ಸಲ ಗೋಡೆಯ ಹೊರಗೆ ಅಂಗೈ ಒತ್ತಿ ನೋಡುತ್ತಿದ್ದ. ಇವತ್ತು ಬೆಳಿಗ್ಗೆ ಅಂಗೈಯನ್ನು ನನ್ನ ಮುಖದ ಹತ್ತಿರ ತಂದು, "ಒಣಗಿದೆ ಅಕ್ಕ" ಎಂದ. ನೀರು ಗೀಟಿನ ಮೇಲೆಯೇ ನಿಂತಿದೆ. ಉಗ್ರಾಣದ ಸಾಹೇಬರು ಅಳತೆಪಟ್ಟಿ ತಂದು ತಾವೇ ನೋಡಿದರು. ಆಮೇಲೆ ಸೊಂಟದಿಂದ ಪೀಪಾಯಿಗಳ ಬೀಗದ ಕೈ ಬಿಚ್ಚಿ, ಏನು ಮಾಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು. ಅರವತ್ತು ಮನೆಯವರೂ ಕೊಡ ತಂದಿದ್ದರು. ಯಾರೂ ಸಾಲು ನಿಲ್ಲಲಿಲ್ಲ.

ಎರಡನೇ ಟ್ಯಾಂಕು ನಮಗೇ. ಒಂದನೇ ತಾರೀಖಿನ ಹಡಗಿನಲ್ಲಿ ಇಂಜಿನಿಯರ್ ಕಾಗದ ಬಂತು. ಗೋಡೆ ಒಡೆದದ್ದನ್ನು ಮುಚ್ಚಿಡದೆ ತಿಳಿಸಿದಿರಿ, ಅದಕ್ಕೇ ಎಂದು ಬರೆದಿದ್ದಾರೆ.

'ನಮಗೇ' ಎಂದು ಯೋಚಿಸಿಯೇ ಬರೆದೆ. ಮಾಲು ನೋಡಲು ನನಗೆ ಎರಡನೇ ಜೋಡಿ ಕಣ್ಣು ಬೇಕು. ಕೈ ನಡುಗಿದರೆ ನಡುಗಲಿ, ಎತ್ತುವವರು ಇಲ್ಲಿ ಹದಿನಾಲ್ಕು ಜನ ಇದ್ದಾರೆ. ನೋಡುವವರೇ ಕಡಿಮೆ. ಕೂಲಿ ಬೇರೆಯವರಷ್ಟೇ. ನನ್ನ ಮಾತು ಕೇಳಬೇಕು. ಆಗುತ್ತದೆಯೇ, ಬರೆಯಿರಿ.

ಜೂನ್ 22

ಮೇಸ್ತ್ರಿ,

ಇದುವರೆಗೆ ನಿನ್ನನ್ನು ಕಂಟ್ರಾಕ್ಟರಮ್ಮ ಎಂದು ಕರೆದದ್ದು ತಮಾಷೆಗೆ. ಇದು ತಮಾಷೆಯಲ್ಲ.

ಮಾರ್ಚ್ ಮೂರರ ಕಾಗದ ಬಂದ ದಿನವೇ ಓದಿದೆ, ಉತ್ತರಕ್ಕೆ ಎರಡು ತಿಂಗಳು ಹಿಡಿಯಿತು. ಬೈದದ್ದೆಲ್ಲ ಸರಿಯಾಗಿದೆ, ಒಂದು ಅಕ್ಷರ ತೆಗೆಯುವಂತಿಲ್ಲ. ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಹಳೆಯ ತಳದ ಗುಳಿಯಲ್ಲಿ ನಿಮ್ಮಮ್ಮ ಗುಬ್ಬಿಗಳಿಗೆ ನೀರಿಡುತ್ತಾಳೆ.

ಜುಲೈ ಹದಿನಾರರ ಹಡಗಿಗೆ ಬರುತ್ತಿದ್ದೇನೆ. ಮನೆಯಲ್ಲಿ ಇನ್ನು ನಾಲ್ಕು ತಿಂಗಳು ನೆಮ್ಮದಿ ಎಂದು ನಿಮ್ಮಮ್ಮ ಈಗಾಗಲೇ ನನ್ನ ಬಟ್ಟೆ ಮಡಚಿಟ್ಟಿದ್ದಾಳೆ. ಹಡಗು ನಿಲ್ಲುವ ನಾಲ್ಕು ಗಂಟೆ ನಿನಗೆ ಸಿಮೆಂಟು ಮೂಟೆಗಳ ಕೆಲಸ ಇರುತ್ತದೆ ಎಂದು ಗೊತ್ತು. ನನ್ನನ್ನು ಎದುರುಗೊಳ್ಳಲು ಬರಬೇಡ. ಮೂಟೆ ಎಣಿಸು. ನಾನು ಒಂದು ಕಡೆ ಕೂತಿರುತ್ತೇನೆ.

ಡಬ್ಬಿ ಮುಟ್ಟುವುದಿಲ್ಲ. ಮಾಲು ನೀರಾದರೆ ನೀರಾಗಿದೆ ಎನ್ನುತ್ತೇನೆ, ಆಮೇಲೆ ನೀನು ಹೇಳಿದ ಹಾಗೆ. ಕೆಲಸ ಮುಗಿದ ಮೇಲೆ ನಿನ್ನ ಟ್ಯಾಂಕಿನ ನೀರು ಒಂದು ಲೋಟ ಕೊಡು. ಕೈ ನಡುಗಿ ಸ್ವಲ್ಪ ಚೆಲ್ಲಬಹುದು. ಎಷ್ಟು ಕುಡಿದೆ, ಎಷ್ಟು ಚೆಲ್ಲಿದೆ ಎಂದು ಈ ಸಲ ಯಾರೂ ಅಳೆಯುವುದು ಬೇಡ.